'ತಾಯಂದಿರಲ್ಲಿ ಅರಿವಿನ ಕೊರತೆ' ಎಂದು ಬರೆದವರು ನಾವೇ

ಸೆಪ್ಟೆಂಬರ್ ಬಂತೆಂದರೆ ನಮ್ಮ ಮೊಬೈಲಿಗೆ ಒಂದೇ ಪ್ರೆಸ್‌ನೋಟ್ ಬರುತ್ತದೆ. ಪೋಷಣ್ ಮಾಸಾಚರಣೆಯದು. ಊರಿನ ಹೆಸರು ಬದಲಾಗಿರುತ್ತದೆ, ದೀಪ ಹಚ್ಚಿದವರ ಹೆಸರು ಬದಲಾಗಿರುತ್ತದೆ. ಎರಡನೇ ಪ್ಯಾರಾ ಮಾತ್ರ ಬದಲಾಗುವುದಿಲ್ಲ: 'ತಾಯಂದಿರಲ್ಲಿ ಅರಿವಿನ ಕೊರತೆಯೇ ಮಕ್ಕಳ ಅಪೌಷ್ಟಿಕತೆಗೆ ಮೂಲ ಕಾರಣ.' ನಾವು ಅದನ್ನು ಕಾಪಿ ಮಾಡುತ್ತೇವೆ, ಯೂನಿಕೋಡಿನಿಂದ ನುಡಿಗೆ ತಿರುಗಿಸುತ್ತೇವೆ, ಡೆಸ್ಕಿಗೆ ಕಳಿಸುತ್ತೇವೆ. ಮರುದಿನ ಜಿಲ್ಲಾ ಪುಟದ ಕೆಳಗಡೆ ಎರಡು ಕಾಲಂ. ಸೆಂಟಿಮೀಟರ್ ಲೆಕ್ಕದಲ್ಲಿ ತಿಂಗಳ ಕೊನೆಗೆ ನಮಗೆ ಸಿಗುವುದು ಒಂದು ಊಟದ ದುಡ್ಡು.

ಹೀಗೆ ಹತ್ತು ವರ್ಷ ಬರೆದಿದ್ದೇವೆ. ಇಲ್ಲಿ ಬರೆಯುವ, ಇದನ್ನು ಓದುವ ಗೆಳೆಯರಲ್ಲಿ ಅರ್ಧ ಜನರಾದರೂ ಇದೇ ವಾಕ್ಯವನ್ನು ಬರೆದಿದ್ದೀರಿ. ಇಲ್ಲ ಅನ್ನಬೇಡಿ. ಹಾಗಾಗಿ ಈ ಜಗಳ ಇಲಾಖೆಯ ಮೇಲೆ ಎಷ್ಟೋ ಅಷ್ಟೇ ನಮ್ಮ ಮೇಲೂ ಇದೆ.

ಮೊದಲು ಒಂದು ಹಟ್ಟಿಯ ಕತೆ. ಚಳ್ಳಕೆರೆ ತಾಲ್ಲೂಕಿನದು, ಹೆಸರು ಬೇಡ. ಶೇಂಗಾ ಕೀಳುವ ಕಾಲ. ಅಲ್ಲಿ ಹತ್ತು ತಿಂಗಳ ಕೂಸೊಂದರ ತೋಳಿಗೆ ಟೇಪು ಸುತ್ತಿ ನೋಡಿದ್ದರು. ಆ ಟೇಪು ನೀವೂ ನೋಡಿರುತ್ತೀರಿ, ಹಸಿರು, ಹಳದಿ, ಕೆಂಪು ಪಟ್ಟಿಗಳದ್ದು. ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಈ ಕೂಸು ಹಳದಿಯಲ್ಲಿತ್ತು, ಕೆಂಪಿನ ಗಡಿಗೆ ಅಂಟಿಕೊಂಡಿತ್ತು. ನಾವು ಹೋದಾಗ ತಾಯಿ ಮನೆಯಲ್ಲಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಆಳಿನ ಟೆಂಪೋ ಹತ್ತಿದವಳು ಬರುವುದು ಸಂಜೆ ಐದೂವರೆಗೆ. ಕಣ್ಣು ಮಂಜಾದ ಮುತ್ತಜ್ಜಿ ಕಟ್ಟೆಯ ಮೇಲೆ ಕೂತಿದ್ದಳು, ಎರಡನೇ ಕ್ಲಾಸಿನ ಅಕ್ಕ ಸ್ಕೂಲು ಬಿಟ್ಟು ಕೂಸನ್ನು ಸೊಂಟದ ಮೇಲೆ ಹೊತ್ತಿದ್ದಳು. ಕೂಸಿನ ಕೈಯಲ್ಲಿ ಟೀಯಲ್ಲಿ ಅದ್ದಿದ ಬಿಸ್ಕತ್ತು.

"ಏನು ಕೊಟ್ರೂ ಉಗೀತೈತೆ ಸಾರ್, ಬಿಸ್ಕತ್ ಒಂದೇ ತಿನ್ನೋದು" ಅಂತ ಮುತ್ತಜ್ಜಿ ಅಂದಳು. ನಾವು ಬರೆದುಕೊಂಡೆವು. ಜೊತೆಗೆ ಬಂದಿದ್ದ ಅಧಿಕಾರಿ, "ನೋಡಿದ್ರಾ, ಇದೇ ಪ್ರಾಬ್ಲಮ್ಮು. ಎಷ್ಟು ಹೇಳಿದ್ರೂ ಇವರಿಗೆ ಗೊತ್ತಾಗಲ್ಲ" ಅಂದರು. ಅದನ್ನೂ ಬರೆದುಕೊಂಡೆವು. ಶೀರ್ಷಿಕೆ ಡೆಸ್ಕಿನವರದು, ಆದರೆ ಅದಕ್ಕೆ ಬೇಕಾದ ವಾಕ್ಯ ಕೊಟ್ಟವರು ನಾವು.

ಇದಾಗಿ ಕೆಲವೇ ತಿಂಗಳಿಗೆ ನಮ್ಮ ಮನೆಯಲ್ಲೂ ಒಂದು ಕೂಸು ಬಾಯಿ ಮುಚ್ಚಿತು.

ಮಗಳಿಗೆ ಆರು ತಿಂಗಳು ತುಂಬಿದ ವಾರ ಮನೆದೇವರ ಗುಡಿಯಲ್ಲಿ ಅನ್ನ ಮುಟ್ಟಿಸಿಕೊಂಡು ಬಂದೆವು. ಮರುದಿನದಿಂದ ಶುರುವಾಯಿತು. ನಮ್ಮವ್ವ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಹಿಟ್ಟು ಮಾಡಿದ್ದಳು. ನಾಲ್ಕು ದಿನದ ಕೆಲಸ ಅದು. ಮಗಳು ಮೊದಲ ಚಮಚವನ್ನು ನಾಲಿಗೆಯಿಂದ ಹೊರಗೆ ತಳ್ಳಿದಳು. ಎರಡನೆಯದಕ್ಕೆ ಮುಖ ತಿರುಗಿಸಿದಳು. ಮೂರನೆಯದಕ್ಕೆ ಕಿರುಚಿದಳು. ಹತ್ತು ದಿನ ಕಳೆದ ಮೇಲೆ ಚಮಚ ಕಂಡರೇ ಅಳು.

ಆಮೇಲೆ ಏನೇನು ಮಾಡಿದೆವೆಂದು ಹೇಳಬೇಕು, ಏಕೆಂದರೆ ನಾವು 'ಅರಿವು ಇರುವ' ಜನ. ಒಬ್ಬರಿಗೆ ಪತ್ರಿಕೋದ್ಯಮ ಡಿಪ್ಲೊಮಾ, ಇನ್ನೊಬ್ಬರಿಗೆ ಡಿ.ಎಡ್. ಮೊಬೈಲಿನಲ್ಲಿ ಹಾಡು ಹಾಕಿ, ಕೂಸು ಅದರಲ್ಲಿ ಮೈಮರೆತಾಗ ಬಾಯೊಳಗೆ ತುರುಕಿದೆವು. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದೆವು. ಗ್ರೈಪ್ ವಾಟರ್ ಕುಡಿಸಿದೆವು. ಮೆಡಿಕಲ್ ಶಾಪಿನಿಂದ ಡಬ್ಬಿ ಹಿಟ್ಟು ತಂದೆವು. ಅದರ ಸಿಹಿಗೆ ಎರಡು ದಿನ ಬಾಯಿ ತೆರೆದಳು, ಗೆದ್ದೆವು ಅಂದುಕೊಂಡೆವು. ಮೂರನೇ ದಿನ ಅದೂ ಬೇಡವಾಯಿತು. ಮೊದಲೇ ಬೇಡವಾಗಿದ್ದ ರಾಗಿಯನ್ನು ಈಗ ಮೂಸಿಯೂ ನೋಡಲಿಲ್ಲ.

ಕೊನೆಗೆ ನಮ್ಮವ್ವ ಒಳಲೆ ತೆಗೆದಳು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಮೂತಿ ಇರುವ ಪುಟ್ಟ ಬಟ್ಟಲು, ನಮ್ಮ ಮನೆಯದು ಹಿತ್ತಾಳೆಯದು. ಚಾಚಿದ ಕಾಲಿನ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಕೈ ಒತ್ತಿ ಹಿಡಿದು, ಅಳಲು ಬಾಯಿ ಬಿಟ್ಟಾಗ ಗಂಟಲಿಗೆ ಸುರಿಯುವುದು. ಅವ್ವ ನಾಲ್ಕು ಮಕ್ಕಳನ್ನು ಹೀಗೇ ಸಾಕಿದವಳು. ಅವಳ ಕಾಲದ ಬರಗಾಲದಲ್ಲಿ ಹೊತ್ತಿಗೆ ಎರಡು ಒಳಲೆ ಅಂಬಲಿ ಹೊಟ್ಟೆಗಿಳಿದರೆ ಮಗು ಉಳಿಯಿತು ಅಂತ ಲೆಕ್ಕ. ಅವಳನ್ನು ದೂರುವ ಬಾಯಿ ನಮಗಿಲ್ಲ. ಆದರೆ ಆ ದಿನ ಸುರಿದದ್ದು ಅನ್ನನಾಳಕ್ಕೆ ಹೋಗಲಿಲ್ಲ, ಉಸಿರಿನ ದಾರಿಗೆ ಹೋಯಿತು. ಮಗಳ ಅಳು ನಡುವೆಯೇ ನಿಂತಿತು. ತುಟಿ ನೀಲಿಯಾಯಿತು. ಬೋರಲು ಹಾಕಿ ಬೆನ್ನು ತಟ್ಟುತ್ತಾ ಬೈಕ್ ಹತ್ತಿದ್ದು ನೆನಪಿದೆ, ಯಾರು ಗಾಡಿ ಓಡಿಸಿದರು, ಯಾರು ಹಿಡಿದಿದ್ದರು ಅನ್ನುವುದು ನಮ್ಮಿಬ್ಬರಿಗೂ ಇವತ್ತಿಗೂ ಬೇರೆಬೇರೆಯಾಗಿ ನೆನಪಿದೆ. ದಾರಿಯಲ್ಲಿ ಕೆಮ್ಮಿ ಅತ್ತಳು. ಆ ಅಳು ಕೇಳಿದ ಖುಷಿ ಬರೆಯಲು ಬರುವುದಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ ಜ್ವರ, ಕೆಮ್ಮು. ಬಿಡುವಾಗ ಚೀಟಿಯಲ್ಲಿ ಒಂದು ಟಾನಿಕ್ ಬರೆದುಕೊಟ್ಟರು, ಹಸಿವು ಆಗಲೆಂದು. ಅದನ್ನು ಕುಡಿದ ಮಗಳು ಉಣ್ಣಲಿಲ್ಲ, ಮಲಗಿದಳು. ಮಲಗಿಯೇ ಇದ್ದಳು. ಅನುಮಾನ ಬಂದು ಬಾಟಲಿಯ ಹಿಂದಿನ ಹೆಸರನ್ನು ಓದಿ ಗೊತ್ತಿದ್ದ ಔಷಧ ತಜ್ಞರನ್ನು ಕೇಳಿದೆವು. ಅದು ಸೈಪ್ರೊಹೆಪ್ಟಡೀನ್. ಮೂಲದಲ್ಲಿ ಅಲರ್ಜಿಯ ಔಷಧಿ, ತೂಕಡಿಕೆ ತರಿಸುವುದು ಅದರ ಗುಣ, ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಸುರಕ್ಷಿತ ಎಂದು ಸಾಬೀತಾಗಿಲ್ಲ. ಇದನ್ನು ಬರೆದವರ ಮೇಲೆ ಸುದ್ದಿ ಮಾಡಿದೆವೇ? ಇಲ್ಲ. ಮುಂದಿನ ಸಲ ಜ್ವರ ಬಂದರೆ ಹೋಗಬೇಕಾದದ್ದು ಅಲ್ಲಿಗೇ. ಸಣ್ಣ ಊರಿನ ಪತ್ರಕರ್ತರ ಧೈರ್ಯದ ಅಳತೆ ಇಷ್ಟು, ನಿಮಗೂ ಗೊತ್ತಿರುವುದೇ.

ನಮ್ಮ ಬೀದಿಯ ಅಂಗನವಾಡಿ ಟೀಚರ್ ಮಗಳನ್ನು ನೋಡಲು ಬಂದರು. ಇಪ್ಪತ್ತು ವರ್ಷ ಸರ್ವೀಸು. ಹತ್ತು ವರ್ಷದಲ್ಲಿ ಅವರನ್ನು ಎಷ್ಟೋ ಸಲ ಫೋಟೊದ ಅಂಚಿನಲ್ಲಿ ನಿಲ್ಲಿಸಿದ್ದೇವೆ, ಒಂದು ಮಾತು ಕೇಳಿರಲಿಲ್ಲ. ಬಂದವರು ಒಳಲೆಯನ್ನು ಕೈಗೆತ್ತಿಕೊಂಡು ನೋಡಿ, ಅವ್ವನ ಕಡೆ ತಿರುಗಿ, "ಅಮ್ಮಾ, ಇದನ್ನ ದೇವರ ಮನೆಯಾಗಿಡ್ರಿ, ಚಂದ ಐತೆ" ಅಂದರು. ಅವ್ವನಿಗೆ ಬೇಸರವಾಗದಂತೆ ಅದನ್ನು ಹೇಗೆ ಹೇಳಿದರೋ. ನಮ್ಮ ಕಡೆ ತಿರುಗಿ, "ನೀವು ಉಣ್ಸೋದ್ ಬಿಡ್ರಿ ಸಾರ್. ಅದು ಉಣ್ಣೋದು ನೋಡ್ರಿ" ಅಂದರು.

ಅವರು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲೂ ಇರುವ ಸಂಗತಿಗಳೇ. ಆರು ತಿಂಗಳವರೆಗೆ ಬರೀ ಎದೆಹಾಲು, ಆಮೇಲೆ ಎದೆಹಾಲಿನ ಜೊತೆ ಮೇಲೂಟ. ಹೊರಗಿನಿಂದ ಬಂದದ್ದನ್ನು ನಾಲಿಗೆಯಿಂದ ತಳ್ಳುವುದು ಹುಟ್ಟಿನಿಂದ ಬಂದ ರಕ್ಷಣೆ. ಅದು ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಮಾಯವಾಗುತ್ತಾ ಬರುತ್ತದೆ, ಕೆಲವರಲ್ಲಿ ತುಸು ತಡವಾಗುತ್ತದೆ. ಉಗಿಯುವುದೆಲ್ಲ 'ಬೇಡ' ಅಲ್ಲ, 'ಇದೇನು' ಅನ್ನುವ ಪ್ರಶ್ನೆಯೂ ಇರಬಹುದು. ಹೊಸ ರುಚಿಯೊಂದನ್ನು ಕೂಸು ಒಪ್ಪಲು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಕೊಟ್ಟು ನೋಡಬೇಕು. ಮುಖ ತಿರುಗಿಸಿತೋ, ಅವತ್ತಿಗೆ ಸಾಕು. ನಾವು ಎರಡು ದಿನ ನೋಡಿ ಮೂರನೇ ದಿನ ಹಿಟ್ಟು ಬದಲಾಯಿಸುತ್ತಿದ್ದೆವು. ನಡುವೆ ಹಾಡು, ಬೈಗುಳ, ಒಳಲೆ. ಕೂಸು ಅನ್ನವನ್ನಲ್ಲ, ಅನ್ನದ ಜೊತೆ ಬರುತ್ತಿದ್ದ ನಮ್ಮನ್ನು ಬೇಡ ಅನ್ನುತ್ತಿತ್ತು.

ಟೀಚರ್ ನಮ್ಮ ರಾಗಿ ಸರಿಯ ಪಾತ್ರೆಯನ್ನೂ ಓರೆ ಮಾಡಿ ನೋಡಿದರು. ನೀರಿನ ಹಾಗೆ ಹರಿಯಿತು. "ಚಮಚ ಓರೆ ಮಾಡಿದ್ರೆ ಬೀಳಬಾರ್ದು" ಅಂದರು. ಇದನ್ನು ಲೆಕ್ಕ ಹಾಕಿ ನೋಡಿದಾಗ ನಮಗೆ ನಾಚಿಕೆಯಾಯಿತು. ಆರರಿಂದ ಎಂಟು ತಿಂಗಳ ಕೂಸಿಗೆ ಎದೆಹಾಲಿನ ಹೊರತಾಗಿ ದಿನಕ್ಕೆ ಬೇಕಾದದ್ದು ಸುಮಾರು 200 ಕ್ಯಾಲೊರಿ. ಒಂಬತ್ತರಿಂದ ಹನ್ನೊಂದು ತಿಂಗಳಿಗೆ 300, ವರ್ಷ ದಾಟಿದ ಮೇಲೆ 550. ಏಳು ಕೆಜಿಯ ಕೂಸಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದು 200 ಮಿಲಿಲೀಟರ್ ಆಸುಪಾಸು. ತೆಳ್ಳನೆ ಗಂಜಿಯಲ್ಲಿ ಅಷ್ಟು ಶಕ್ತಿ ತುಂಬಬೇಕೆಂದರೆ ದಿನವಿಡೀ ಸುರಿಯುತ್ತಲೇ ಇರಬೇಕು. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅದೇ ಸರಿಯನ್ನು ಗಟ್ಟಿ ಮಾಡಿ ಒಂದು ಟೀ ಚಮಚ ಎಣ್ಣೆ ಹಾಕಿದರೆ ನಲವತ್ತು ಕ್ಯಾಲೊರಿ ಅಲ್ಲೇ ಕೂಡಿಕೊಳ್ಳುತ್ತದೆ. ಒಂದು ಮೊಟ್ಟೆಯಲ್ಲಿ ಎಪ್ಪತ್ತರಷ್ಟು ಕ್ಯಾಲೊರಿ, ಆರು ಗ್ರಾಂ ಪ್ರೋಟೀನು. ನಮ್ಮವ್ವನ ಮೊಳಕೆ ಕಟ್ಟುವ ಕೆಲಸವೂ ಸುಮ್ಮನೆ ಅಲ್ಲ. ಮೊಳಕೆ ಬಂದ ರಾಗಿಯ ಹಿಟ್ಟು ಬೇಯುವಾಗ ಅಷ್ಟೊಂದು ಬಿಗಿಯುವುದಿಲ್ಲ, ಹಾಗಾಗಿ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಅವ್ವನ ಹಿಟ್ಟು ಸರಿಯಿತ್ತು, ಅದನ್ನು ಒಳಲೆಯ ಮೂತಿಯಲ್ಲಿ ಹರಿಯಲೆಂದು ನೀರು ಮಾಡಿದ್ದೇ ತಪ್ಪು.

ಚಳ್ಳಕೆರೆಯಲ್ಲಿ ಕೂತು ಇದನ್ನು ಬರೆಯುವಾಗ ಒಂದು ಮಾತು ಸೇರಿಸಲೇಬೇಕು. ಇದು ಎಣ್ಣೆಯ ಊರು. ಮಿಲ್ಲುಗಳಿಂದಲೇ ಹೆಸರು ಮಾಡಿದ ಊರು. ಈ ಎಣ್ಣೆಗೆ ಶೇಂಗಾ ಕಿತ್ತು, ಬಿಡಿಸಿ ಕೊಡುವ ಹೆಂಗಸರ ಕೂಸುಗಳ ಬಟ್ಟಲಿನಲ್ಲಿ ಒಂದು ಚಮಚ ಎಣ್ಣೆ ಇಲ್ಲ.

ನಮ್ಮ ಮಗಳ ವಿಷಯಕ್ಕೆ ಬರುತ್ತೇವೆ. ಒಂದು ವಾರ ಎದೆಹಾಲು ಬಿಟ್ಟು ಏನೂ ಕೊಡಬೇಡಿ, ಚಮಚ ತೋರಿಸಲೂ ಬೇಡಿ, ಆದರೆ ನೀವು ಉಣ್ಣುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ ಅಂದರು ಟೀಚರ್. ಕೂರಿಸಿಕೊಂಡೆವು. ಐದನೇ ದಿನ ನಮ್ಮ ತಟ್ಟೆಗೆ ಕೈ ಹಾಕಿ ಮುದ್ದೆಯ ಚೂರು ಕಿತ್ತುಕೊಂಡಳು. ಬಾಯಿಗೆ ಹೋಗಿದ್ದು ಕಡಲೆಕಾಳಿನಷ್ಟು, ಉಳಿದದ್ದು ಕಿವಿ, ಕೂದಲು, ನಮ್ಮ ಲುಂಗಿ. ಅವತ್ತಿನಿಂದ ಸಾರಿಗೆ ಖಾರ, ಉಪ್ಪು ಬೀಳುವ ಮೊದಲೇ ಅವಳ ಪಾಲಿನ ಬೇಳೆ ಎತ್ತಿಟ್ಟು, ಅದರಲ್ಲಿ ಮುದ್ದೆ ಕಿವುಚಿ, ಎಣ್ಣೆ ಬಿಟ್ಟು ಮುಂದಿಟ್ಟೆವು. ಆಮೇಲೆ ಬೇಯಿಸಿದ ಕುಂಬಳಕಾಯಿ, ನುಗ್ಗೆಸೊಪ್ಪು ಹಾಕಿದ ಬೇಳೆ, ಮಸೆದ ಬಾಳೆಹಣ್ಣು. ಮೊಟ್ಟೆಗೆ ಅವ್ವ ಹತ್ತು ದಿನ ತಕರಾರು ಮಾಡಿದಳು, ಉಷ್ಣ ಅಂತ. ಹನ್ನೊಂದನೇ ದಿನ ಅವಳೇ ಬೇಯಿಸಿ ತಂದಳು. ಎಂಟೂವರೆ ತಿಂಗಳ ಹೊತ್ತಿಗೆ ಮಗಳು ದಿನಕ್ಕೆ ಮೂರು ಸಲ ಉಣ್ಣುತ್ತಿದ್ದಳು. ಒಂದು ಸಲಕ್ಕೆ ಅರ್ಧ ಬಟ್ಟಲು. ಒಂದು ಸಲಕ್ಕೆ ನಲವತ್ತು ನಿಮಿಷ.

ಈ ನಲವತ್ತು ನಿಮಿಷದ ಮೇಲೇ ನಮ್ಮ ಜಗಳ.

ದಿನಕ್ಕೆ ಮೂರು ಊಟ ಅಂದರೆ ಎರಡು ಗಂಟೆ. ಮಾಡುವುದು, ತೊಳೆಯುವುದು ಬೇರೆ. ಆ ಎರಡು ಗಂಟೆಯೂ ಕೂಸಿನ ಮುಖ ನೋಡುತ್ತಾ, ಅವಸರವಿಲ್ಲದೆ ಕೂರುವ ಒಬ್ಬ ದೊಡ್ಡವರು ಬೇಕು. ನಮ್ಮ ಮನೆಯಲ್ಲಿ ಮೂವರಿದ್ದೆವು. ಸ್ಟ್ರಿಂಗರ್ ಕೆಲಸಕ್ಕೆ ಹೊತ್ತುಗೊತ್ತಿಲ್ಲದಿರುವುದು ಮೊದಲ ಸಲ ಉಪಯೋಗಕ್ಕೆ ಬಂತು. ಆಸ್ಪತ್ರೆಯ ಆ ರಾತ್ರಿಯವರೆಗೆ ಈ ಮನೆಯ ಗಂಡಸು ಒಂದು ಚಮಚವನ್ನೂ ತಾನಾಗಿ ಹಿಡಿದಿರಲಿಲ್ಲ ಅನ್ನುವುದನ್ನೂ ಬರೆದುಬಿಡುತ್ತೇವೆ. ಹತ್ತು ವರ್ಷ ತಾಯಂದಿರ ಅರಿವಿನ ಬಗ್ಗೆ ಬರೆದ ಕೈ ಅದು. ತಂದೆಯರಲ್ಲಿ ಅರಿವಿನ ಕೊರತೆ ಅಂತ ಯಾವ ಇಲಾಖೆಯ ಪ್ರೆಸ್‌ನೋಟೂ ನಮಗೆ ಇದುವರೆಗೆ ಬಂದಿಲ್ಲ.

ಈಗ ಆ ಹಟ್ಟಿಗೆ ವಾಪಸ್ ಹೋಗೋಣ. ಏಳಕ್ಕೆ ಟೆಂಪೋ, ಐದೂವರೆಗೆ ಮನೆ. ಈ ತಾಯಿಗೆ ಯಾವ ಅರಿವು ಮೂಡಿಸುತ್ತೀರಿ? 'ದಿನಕ್ಕೆ ಮೂರು ಸಲ ಮೆತ್ತಗಿನ ಆಹಾರವನ್ನು ತಾಳ್ಮೆಯಿಂದ ಉಣಿಸಿ' ಎಂಬ ಪೋಸ್ಟರ್ ಅಂಗನವಾಡಿಯ ಗೋಡೆಯ ಮೇಲಿದೆ. ಸರಿಯಾದ ಮಾತೇ. ಅದನ್ನು ಯಾವ ಹೊತ್ತಿನಲ್ಲಿ ಮಾಡಬೇಕೆಂದು ಅಲ್ಲಿ ಬರೆದಿಲ್ಲ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಅದೂ ಸಂಬಳದ ಚೀಟಿ ಇರುವವರಿಗೆ. ಲೆಕ್ಕ ಹಾಕಿ, 26 ವಾರ ಅಂದರೆ ಆರು ತಿಂಗಳು. ಹೆರಿಗೆಗೆ ಮುಂಚೆ ಒಂದು ದಿನವೂ ತೆಗೆದುಕೊಳ್ಳದಿದ್ದರೂ, ಮೇಲೂಟ ಶುರುವಾಗುವ ದಿನ ಸರಿಯಾಗಿ ರಜೆ ಮುಗಿಯುತ್ತದೆ. ಶೇಂಗಾ ಹೊಲದ ಕೂಲಿಯವಳಿಗೆ ಅದೂ ಇಲ್ಲ. ಅವಳಿಗೆ ಮಾತೃವಂದನಾ ಯೋಜನೆಯ 5000 ರೂಪಾಯಿ, ಮೊದಲ ಮಗುವಿಗೆ, ಕಂತಿನಲ್ಲಿ, ಆಧಾರ್ ಹೊಂದಿದರೆ.

ಕೂಸು ಉಣ್ಣದಿರಲು ಇನ್ನೊಂದು ಕಾರಣವಿದೆ. ಹುಟ್ಟುವಾಗ ತಂದ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ಎದೆಹಾಲಿನಲ್ಲಿ ಅದು ತೀರಾ ಕಡಿಮೆ. ಮೇಲೂಟದಲ್ಲೂ ಸಿಗದಿದ್ದರೆ ರಕ್ತಹೀನತೆ. ರಕ್ತಹೀನತೆಯಾದ ಕೂಸಿಗೆ ಹಸಿವಾಗುವುದಿಲ್ಲ. ಹಸಿವಿಲ್ಲದ ಕೂಸು ಉಣ್ಣುವುದಿಲ್ಲ. ಅದಕ್ಕೆ ಟೀ, ಬಿಸ್ಕತ್ತು ಕೊಟ್ಟರೆ ಟೀಯಲ್ಲಿನ ಒಗರು ಇದ್ದಬದ್ದ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019-21) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ, ಆರು ತಿಂಗಳು ದಾಟಿದವರ ಪೈಕಿ, ಶೇ 65.5 ಮಂದಿಗೆ ರಕ್ತಹೀನತೆ. ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಶೇ 35.4. ದೇಶದಲ್ಲಿ ಆರರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿರುವುದು ಶೇ 11.3 ಮಂದಿಗೆ. ಅಂದರೆ ನೂರಕ್ಕೆ ಎಂಬತ್ತೆಂಟು ಮನೆಗಳಲ್ಲಿ ಕೊರತೆ. ಇಷ್ಟೂ ಮನೆಯ ತಾಯಂದಿರಿಗೆ ಅರಿವಿಲ್ಲವೇ? ಇಲಾಖೆಯ ನೌಕರರ, ಮೇಷ್ಟರ, ನಮ್ಮಂಥ ವರದಿಗಾರರ ಮನೆಗಳೂ ಈ ಎಂಬತ್ತೆಂಟರಲ್ಲಿ ಇವೆ.

ಇನ್ನು ಸರ್ಕಾರ ಕೊಡುವುದೇನು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ನಮ್ಮ ರಾಜ್ಯದ ಟಿ. ನರಸೀಪುರವೂ ಅದರಲ್ಲಿತ್ತು. ಐವತ್ತು ವರ್ಷ. ಇವತ್ತಿಗೂ ಅಂಗನವಾಡಿಯ ಚಾಪೆ ಇರುವುದು ಮೂರು ವರ್ಷ ತುಂಬಿದವರಿಗೆ. ಬಿಸಿಯೂಟ ಅವರಿಗೆ. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೂ ಅಂಗನವಾಡಿಯಲ್ಲೇ ಊಟ, ಮೊಟ್ಟೆ. ಒಳ್ಳೆಯದು. ನಡುವಿನ ಆರು ತಿಂಗಳಿಂದ ಮೂರು ವರ್ಷದ ಕೂಸಿಗೆ? ಮನೆಗೆ ಕೊಂಡೊಯ್ಯುವ ಪಾಕೀಟು. ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕೆಂದು ಕಾಗದದ ಮೇಲೆ ನಿಯಮವಿತ್ತು. ಅದಕ್ಕೆ 2017ರಲ್ಲಿ ಪರಿಷ್ಕರಿಸಿ ಗೊತ್ತುಮಾಡಿದ ಹಣ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ. ಒಂದು ಮೊಟ್ಟೆ ಕೊಂಡರೆ ಮಿಕ್ಕುವುದು ಚಿಲ್ಲರೆ.

ಆ ಪಾಕೀಟಿನ ಹಿಟ್ಟನ್ನು ನಾವೂ ಮನೆಗೆ ತಂದು ಕಲಸಿ ತಿಂದು ನೋಡಿದೆವು. ಪ್ರತಿ ಜಿಲ್ಲಾ ವರದಿಗಾರರೂ ಒಮ್ಮೆ ತಿಂದು ನೋಡಬೇಕು. ನಮಗೆ ಸಿಕ್ಕಿದ ಪಾಕೀಟಿನದು ಮುಗ್ಗಲು ವಾಸನೆ, ಹಲ್ಲಿಗೆ ಅಂಟುವ ಸಿಹಿ. ನಾವು ಓಡಾಡಿದ ಹಳ್ಳಿಗಳಲ್ಲಿ ಅದು ಇಡೀ ಮನೆಗೆ ಹಂಚಿಹೋಗುತ್ತದೆ, ಇಲ್ಲವೆ ಎಮ್ಮೆಯ ಬಾನಿಗೆ ಬೀಳುತ್ತದೆ. 'ಸರ್ಕಾರ ಕೊಟ್ಟರೂ ಮಕ್ಕಳಿಗೆ ತಿನ್ನಿಸುವುದಿಲ್ಲ' ಎಂಬ ಸುದ್ದಿಯನ್ನೂ ನಾವು ಬರೆದಿದ್ದೇವೆ. ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರು ಬೇಡ, ಹಳ್ಳಿಯ ಮಹಿಳಾ ಮಂಡಳಿ, ಸ್ವಸಹಾಯ ಗುಂಪುಗಳೇ ಮಾಡಲಿ ಎಂದು ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2004ರ ಅಕ್ಟೋಬರ್‌ನಲ್ಲೇ ಹೇಳಿತ್ತು. ರಾಗಿ ಬೆಳೆಯುವ, ಶೇಂಗಾ ಬೆಳೆಯುವ ತಾಲ್ಲೂಕಿನ ಕೂಸಿಗೆ ಅದೇ ಊರಿನ ಹೆಂಗಸರು ಹುರಿದ ಹಿಟ್ಟು ಯಾಕಿಲ್ಲ? ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗೂ ಮೀರಿ ಸುಣ್ಣದಂಶ ಇದೆ ಅಂತ ಸಿರಿಧಾನ್ಯ ಮೇಳಗಳ ವೇದಿಕೆಯಲ್ಲಿ ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಮೇಳ ಮುಗಿದ ಮೇಲೆ ಆ ರಾಗಿ ಯಾರ ಮನೆಗೆ ಹೋಗುತ್ತದೆ?

ಡಬ್ಬಿ ಹಿಟ್ಟಿನವರನ್ನು ಬಿಟ್ಟರೆ ಈ ಬರಹ ಅರ್ಧ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡಬಾರದೆಂದು ಕಾನೂನಿದೆ. 1992ರದ್ದು, 2003ರಲ್ಲಿ ಬಿಗಿ ಮಾಡಿದ್ದು. ಆದರೂ ಮೆಡಿಕಲ್ ಶಾಪಿನ ಕಣ್ಣಿನ ಮಟ್ಟದ ಅಂಕಣದಲ್ಲಿ ಇರುವುದು ಅದೇ ಡಬ್ಬಿ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ ಒಂದು ವರದಿ ತಂದಿತು. ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ ಮೂರು ಗ್ರಾಂ ಹತ್ತಿರದಷ್ಟು ಸಕ್ಕರೆ ಸೇರಿಸಲಾಗಿದೆ, ಕಂಪನಿಯ ತವರಿನಲ್ಲಿ ಮಾರುವ ಅದೇ ಬಗೆಯ ಹಿಟ್ಟಿನಲ್ಲಿ ಸೇರಿಸಿದ ಸಕ್ಕರೆ ಇಲ್ಲ ಎಂದು ಅದು ಹೇಳಿತು. ಐದು ವರ್ಷದಲ್ಲಿ ಸಕ್ಕರೆ ಶೇ 30ರವರೆಗೆ ಇಳಿಸಿದ್ದೇವೆ ಎಂಬುದು ಕಂಪನಿಯ ಉತ್ತರ. ನಮ್ಮ ಮಗಳು ಆ ಎರಡು ದಿನ ಬಾಯಿ ತೆರೆದದ್ದು ಯಾವುದಕ್ಕೆಂದು ಆಗ ತಿಳಿಯಿತು.

ಹಾಗಾದರೆ ಏನು ಮಾಡಬೇಕು ಅಂತ ನೀವು ಕೇಳುತ್ತೀರಿ. ನಮ್ಮ ಉತ್ತರ ದೊಡ್ಡದಲ್ಲ. ನರೇಗಾ ಕೂಲಿಕಾರರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023-24ರಲ್ಲಿ 'ಕೂಸಿನ ಮನೆ' ಘೋಷಿಸಿತು, 4000 ಗ್ರಾಮ ಪಂಚಾಯಿತಿಗಳಲ್ಲಿ. ಹೆಸರೂ ಚೆಂದ, ಆಲೋಚನೆಯೂ ಸರಿ. ಕೂಸು ಉಣ್ಣಲು ಬೇಕಾದ ನಲವತ್ತು ನಿಮಿಷ ಅಲ್ಲಿ ಸಿಗಬಹುದು, ಅಲ್ಲಿ ಕೂರುವ ಹೆಂಗಸಿಗೆ ವರ್ಷವಿಡೀ ಸಂಬಳ ಇದ್ದರೆ, ಆಳಿನ ಟೆಂಪೋ ಹೊರಡುವ ಏಳಕ್ಕೇ ಬಾಗಿಲು ತೆರೆದರೆ. ನಮ್ಮ ಸುತ್ತಲಿನ ಕೆಲವು ಪಂಚಾಯಿತಿಗಳಲ್ಲಿ ನೋಡಿದೆವು. ಗೋಡೆಗೆ ಬಣ್ಣ ಬಳಿದಿದೆ, ಆನೆ, ಗಿಳಿಯ ಚಿತ್ರ ಇದೆ. ಬಾಗಿಲು ಹತ್ತು ಗಂಟೆಗೆ ತೆರೆಯುತ್ತದೆ. ಹತ್ತಕ್ಕೆ ಶೇಂಗಾ ಹೊಲದಲ್ಲಿ ಅರ್ಧ ಸಾಲು ಮುಗಿದಿರುತ್ತದೆ.

ಆಶಾ ಕಾರ್ಯಕರ್ತೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳಿಗೆ ಕೂಸಿನ ಮನೆಗೆ ಹೋಗಿ ಊಟ, ಬೆಳವಣಿಗೆ ನೋಡಬೇಕೆಂದು 2018ರಿಂದ ನಿಯಮ ಇದೆ. ಒಂದು ಭೇಟಿಗೆ 50 ರೂಪಾಯಿ. ವಾರಕ್ಕೆರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪು ಕೊಡುವುದೂ ಅವಳ ಚೀಲದಲ್ಲೇ ಇರಬೇಕು. ಬಾಟಲಿ ಬಂದಿದೆಯೇ, ಭೇಟಿ ಆಗಿದೆಯೇ, ಆ ಐವತ್ತು ರೂಪಾಯಿ ಎಷ್ಟು ತಿಂಗಳಿಂದ ಬಾಕಿ ಇದೆ ಎಂದು ಕೇಳುವುದು ಸುದ್ದಿ. ತಾಯಿಗೆ ಗೊತ್ತಿಲ್ಲ ಎಂದು ಬರೆಯುವುದು ಸುದ್ದಿಯಲ್ಲ.

ಓದುವವರಲ್ಲಿ ಈಗಲೇ ಕೂಸು ಬಾಯಿ ಮುಚ್ಚಿ ಕೂತ ಮನೆಯವರೂ ಇರಬಹುದು, ಅವರಿಗೆ ಎರಡು ಮಾತು. ಕೂಸು ಆಡಿಕೊಂಡಿದ್ದು, ಉಚ್ಚೆ ಸರಿಯಾಗಿ ಹೊಯ್ದು, ತೂಕ ಮೆಲ್ಲಗಾದರೂ ಏರುತ್ತಿದ್ದರೆ ಹೆದರಬೇಡಿ. ನಿಮ್ಮ ಪಕ್ಕದಲ್ಲಿ ನೆಟ್ಟಗೆ ಕೂರಿಸಿಕೊಂಡು ನೀವೂ ಉಣ್ಣಿ. ಮಲಗಿಸಿ ಸುರಿಯಬೇಡಿ, ಮೂಗು ಹಿಡಿಯಬೇಡಿ. ಇಡೀ ಶೇಂಗಾ ಬೀಜ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ, ಪುಡಿ ಮಾಡಿ ಬೆರೆಸಿ. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ. ತೂಕ ಇಳಿಯುತ್ತಿದ್ದರೆ, ಪ್ರತಿ ತುತ್ತಿಗೂ ಕೆಮ್ಮು, ವಾಂತಿ ಬರುತ್ತಿದ್ದರೆ, ಎದೆಹಾಲನ್ನೂ ಬಿಟ್ಟರೆ, ಮಂಕಾಗಿದ್ದರೆ ಕಾಯಬೇಡಿ, ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಅದು ಹಟವಲ್ಲ, ಕಾಯಿಲೆ ಇರಬಹುದು.

ಮಗಳು ಉಣ್ಣಲು ಕಲಿತ ಮೇಲೆ ನಾವು ಆ ಹಟ್ಟಿಗೆ ಇನ್ನೊಮ್ಮೆ ಹೋದೆವು. ಭಾನುವಾರ ಹೋದದ್ದರಿಂದ ತಾಯಿ ಸಿಕ್ಕಳು. ಕೂಸಿಗೆ ಆಗ ವರ್ಷ ದಾಟಿತ್ತು. ನಡುವೆ ಟೇಪು ಕೆಂಪಿಗೆ ಇಳಿದು, ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಹದಿನಾಲ್ಕು ದಿನ ಇದ್ದು ಬಂದಿತ್ತಂತೆ. ಅಲ್ಲಿ ಉಂಡಿತೇ ಎಂದು ಕೇಳಿದೆವು.

"ಉಣ್ತು ಸಾರ್, ಚೆನ್ನಾಗೇ ಉಣ್ತು. ಅಲ್ಲಿ ನಂಗೇನ್ ಕೆಲ್ಸ ಇತ್ತು? ಇಡೀ ದಿನ ಅದರ ಮುಂದೇನೇ ಕುಂತಿದ್ದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಮಾತು ತೆಗೆದಳು. "ನೀವು ಬರ್ದಿದ್ದ ಪೇಪರ್ ಸಂಘದಾಗೆ ಓದಿದ್ರು ಸಾರ್. ಹೆಸರು ಹಾಕಿರ್ಲಿಲ್ಲ, ಆದ್ರೂ ನಂದೇ ಅಂತ ಎಲ್ರಿಗೂ ಗೊತ್ತಾಯ್ತು. ನಂಗೆ ಗೊತ್ತಿಲ್ಲ ಅಂತ ಬರ್ದಿದ್ರಲ್ಲ, ಏನ್ ಗೊತ್ತಿಲ್ಲ ಅಂತ ಒಂದ್ ಮಾತ್ ಕೇಳ್ಬೋದಿತ್ತು."

ನಾವು ತಪ್ಪಾಯಿತು ಅಂದೆವು. ಅವಳು ಟೀ ಕಾಸಲು ಒಳಗೆ ಹೋದಳು.

ಮೊನ್ನೆ ಈ ವರ್ಷದ ಪ್ರೆಸ್‌ನೋಟ್ ಬಂತು. ಎರಡನೇ ಪ್ಯಾರಾ ತೆಗೆದು, ಅದರ ಜಾಗದಲ್ಲಿ ಕೂಸಿನ ಮನೆಯ ಬಾಗಿಲು ತೆರೆಯುವ ಹೊತ್ತು, ದಿನಕ್ಕೆ 8 ರೂಪಾಯಿಯ ಲೆಕ್ಕ ಸೇರಿಸಿ ಕಳಿಸಿದೆವು. ರಾತ್ರಿ ಒಂಬತ್ತಕ್ಕೆ ಡೆಸ್ಕಿನಿಂದ ಫೋನು. "ಇದೇನ್ರಿ, ಸಿಂಪಲ್ ಕಾರ್ಯಕ್ರಮದ ಸುದ್ದಿಗೆ ಇಷ್ಟೆಲ್ಲ? ಬೇರೆ ಪೇಪರ್‌ನವರ ಹತ್ರ ಅರಿವಿನ ಕೊರತೆ ಅಂತ ಇದೆಯಲ್ಲ, ನಿಮ್ಮಲ್ಲಿ ಮಿಸ್ ಆಗಿದೆ." ಮಿಸ್ ಆಗಿಲ್ಲ, ತೆಗೆದಿದ್ದೇವೆ ಅಂದೆವು. ಬೆಳಿಗ್ಗೆ ಪೇಪರ್ ಬಿಡಿಸಿದರೆ ನಮ್ಮ ಹೊಸ ಪ್ಯಾರಾ ಇರಲಿಲ್ಲ, ಹಳೆಯದು ಇತ್ತು.